ಕಲ್ಲು ಓದುವ ಬೀದಿ

ಬೆಂಗಳೂರು ನುಂಗಿಕೊಂಡ ಹಳ್ಳಿಗಳನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಮುಖ್ಯರಸ್ತೆ ಬಿಟ್ಟು ಎರಡು ತಿರುವು ಒಳಗೆ ಹೋದರೆ ದಾರಿ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ನಾಲ್ಕಂತಸ್ತಿನ ಪೀಜಿಗಳ ನಡುವೆ ಹೆಂಚಿನ ಮನೆಯೊಂದು ಇಕ್ಕಟ್ಟಿನಲ್ಲಿ ಕುಳಿತಿರುತ್ತದೆ. ಅದನ್ನು ದಾಟಿದರೆ ಅರಳಿಕಟ್ಟೆ. ಕಟ್ಟೆಯ ಮೇಲೆ ನಾಗರಕಲ್ಲುಗಳು, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಬೇಲಿಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಇವೆಲ್ಲದರ ಮಧ್ಯೆ ಸೊಂಟದೆತ್ತರದ ಚಪ್ಪಡಿಯೊಂದು ಒಂದು ಕಡೆಗೆ ವಾಲಿಕೊಂಡು, ಅರ್ಧ ಮಣ್ಣಿನಲ್ಲಿ ಹೂತು ನಿಂತಿರುತ್ತದೆ. ಮೈತುಂಬ ಎಣ್ಣೆಯ ಜಿಡ್ಡು, ಅರಿಶಿನ ಕುಂಕುಮ, ಹಬ್ಬಹಬ್ಬಕ್ಕೂ ಬಳಿದ ಸುಣ್ಣ. ಸುಣ್ಣದ ಪದರದ ಮೇಲೆ ಕೈಯಾಡಿಸಿದರೆ ಬೆರಳಿಗೆ ಉಬ್ಬುತಗ್ಗು ಸಿಗುತ್ತದೆ. ಕತ್ತಿ ಎತ್ತಿದ ಕೈ, ಕುದುರೆಯ ಕಾಲು, ನಡುವಿನ ಪಟ್ಟಿಗಳಲ್ಲಿ ಸಾಲುಸಾಲು ಅಕ್ಷರ.

ಭಾನುವಾರ ಬೆಳಿಗ್ಗೆ ಇಂಥ ಕಟ್ಟೆಯ ಬಳಿಗೆ ನಾಲ್ಕೈದು ಜನ ಬರುತ್ತಾರೆ. ಒಬ್ಬರ ಕೈಯಲ್ಲಿ ಬಕೆಟ್ಟು, ಇನ್ನೊಬ್ಬರ ಕೈಯಲ್ಲಿ ನೈಲಾನ್ ಬ್ರಷ್ಷು, ಮತ್ತೊಬ್ಬರ ಬೆನ್ನಿಗೆ ಸ್ಕ್ಯಾನರಿನ ಚೀಲ. ಬ್ಯಾಂಕಿನಿಂದ ನಿವೃತ್ತರಾದವರು, ಸಾಫ್ಟ್‌ವೇರಿನವರು, ಕಾಲೇಜು ಹುಡುಗರು. ಬೀದಿ ತಕ್ಷಣ ಎಚ್ಚರವಾಗುತ್ತದೆ.

“ಏನ್ ಸಾರ್, ರೋಡ್ ಅಗಲ ಮಾಡೋಕೆ ಅಳತೇನಾ?”

ಇದು ಮೊದಲನೆಯ ಪ್ರಶ್ನೆ. ಅಲ್ಲವೆಂದು ಗೊತ್ತಾದ ಮೇಲೆ ಎರಡನೆಯದು, ದನಿ ತಗ್ಗಿಸಿ:

“ಕೆಳಗಡೆ ನಿಧಿ ಏನಾದ್ರೂ ಐತಾ?”

ನಗುವಂತಿಲ್ಲ. ರಸ್ತೆ ಅಗಲೀಕರಣದಲ್ಲಿ ಜಲ್ಲಿಯ ಜೊತೆ ಹೋದ ಕಲ್ಲುಗಳನ್ನು ಎಣಿಸಿದವರಿಲ್ಲ. ನಿಧಿಯಾಸೆಗೆ ಬುಡ ಅಗೆದು ಎರಡು ತುಂಡು ಮಾಡಿ ಬಿಟ್ಟುಹೋದ ಕಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ಬಿದ್ದಿವೆ. ಕಲ್ಲಿನಲ್ಲಿ ಏನೋ ಬರೆದಿದೆ, ಅದನ್ನು ನಮ್ಮಿಂದ ಓದಲಾಗುವುದಿಲ್ಲ, ಹಾಗಾದರೆ ಅದು ನಿಧಿಯ ಗುಟ್ಟೇ ಇರಬೇಕು. ಓದು ಬಾರದ ಕಡೆ ಈ ತರ್ಕಕ್ಕೆ ಎದುರುತ್ತರ ಇಲ್ಲ.

ಅಷ್ಟರಲ್ಲಿ ಮನೆಯೊಳಗಿಂದ ಅಜ್ಜಿಯೊಬ್ಬರು ಬರುತ್ತಾರೆ. “ಚಪ್ಲಿ ಬಿಟ್ಟು ಮುಟ್ರಪ್ಪ. ಅದು ನಮ್ ವೀರಗಾರಪ್ಪ.” ಬಂದವರು ಚಪ್ಪಲಿ ಬಿಡುತ್ತಾರೆ. ಸುಣ್ಣ ತೊಳೆಯಬಹುದೇ ಎಂದು ಕೇಳುತ್ತಾರೆ. ಅಜ್ಜಿ ಯೋಚಿಸಿ, ಇವತ್ತು ಅಮಾವಾಸ್ಯೆಯಲ್ಲವಲ್ಲ, ತೊಳೆಯಿರಿ, ಆದರೆ ಆಮೇಲೆ ಅರಿಶಿನ ನಾನೇ ಹಚ್ಚುತ್ತೇನೆ ಎನ್ನುತ್ತಾರೆ. ಒಪ್ಪಂದವಾಯಿತು. ಕಬ್ಬಿಣದ ಬ್ರಷ್ಷು ಇಲ್ಲ, ಆಸಿಡ್ಡು ಇಲ್ಲ, ಬರೀ ನೀರು ಮತ್ತು ತಾಳ್ಮೆ. ಅರ್ಧ ಗಂಟೆಯಲ್ಲಿ ಒಂದೊಂದೇ ಅಕ್ಷರ ಬಿಡಿಸಿಕೊಳ್ಳುತ್ತದೆ. ಬಿಸಿಲು ನೆತ್ತಿಗೇರಿದ್ದರೆ ಕಲ್ಲು ಸಪ್ಪಗೆ ಕಾಣುತ್ತದೆ. ಬೆಳಕು ಅಡ್ಡಡ್ಡಲಾಗಿ ಬಿದ್ದರೆ ಮಾತ್ರ ಅಕ್ಷರದ ಕಾಲುವೆಯಲ್ಲಿ ನೆರಳು ನಿಲ್ಲುತ್ತದೆ. ಅದಕ್ಕೇ ಕೆಲವರು ರಾತ್ರಿ ಬಂದು ಪಕ್ಕದಿಂದ ಟಾರ್ಚು ಹಿಡಿದು ಓದುವುದೂ ಉಂಟು. ಹಿಂದಿನವರು ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಸ್ಕ್ಯಾನರಿನ ಬೆಳಕು ಕಲ್ಲನ್ನು ಮುಟ್ಟದೆಯೇ ಸವರಿ ಹೋಗುತ್ತದೆ. ಕಣ್ಣಿಗೆ ಸವೆದುಹೋದಂತೆ ಕಂಡ ಸಾಲು ಲ್ಯಾಪ್‌ಟಾಪಿನ ಪರದೆಯ ಮೇಲೆ ಎದ್ದು ನಿಲ್ಲುತ್ತದೆ.

ಆಮೇಲೆ ಓದು. ನಾನು ಕಂಡಂತೆ ಬೀದಿ ಪೂರ್ತಿ ಸುಮ್ಮನಾಗುವ ಗಳಿಗೆ ಇದು. ಯಾವ ರಾಜನ ಕಾಲ, ಯಾವ ನಾಡು, ಯಾರ ಮಗ, ಯಾವ ಜಗಳ. ಆ ಪಟ್ಟಿಯ ನಡುವೆ ಊರಿನ ಹೆಸರು ಬಂದುಬಿಟ್ಟರೆ ಕಟ್ಟೆಯ ಹುಡುಗರು ಮುಂದೆ ನುಗ್ಗುತ್ತಾರೆ. “ಎಲ್ಲಿ, ಎಲ್ಲಿ, ನಮ್ಮೂರ್ ಹೆಸ್ರು ಎಲ್ಲಿ ತೋರ್ಸಿ ಅಣ್ಣ.” ಬಸ್ಸಿನ ಬೋರ್ಡಿನ ಮೇಲೆ ದಿನಾ ನೋಡುವ ಹೆಸರು, ಸಾವಿರ ವರ್ಷದ ಹಿಂದಿನ ಬಾಗಿದ ಬರಹದಲ್ಲಿ.

ಸಾರ್ವಜನಿಕ ಇತಿಹಾಸ ಎಂಬ ಮಾತು ವಿಶ್ವವಿದ್ಯಾಲಯಗಳಿಗೆ ಬಂದದ್ದು ಅಮೆರಿಕದಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದಲ್ಲಿ ರಾಬರ್ಟ್ ಕೆಲ್ಲಿ ಎಂಬ ಪ್ರಾಧ್ಯಾಪಕರು 1976ರಲ್ಲಿ ಆ ಹೆಸರಿನ ತರಬೇತಿ ಶುರುಮಾಡಿದರು. ಇತಿಹಾಸ ಓದಿದವರಿಗೆಲ್ಲ ಪಾಠ ಹೇಳುವ ಕೆಲಸ ಸಿಗುತ್ತಿರಲಿಲ್ಲ. ಮ್ಯೂಸಿಯಂ, ಸರ್ಕಾರಿ ಕಚೇರಿ, ಊರಿನ ದಾಖಲೆಖಾನೆ, ಕಂಪನಿಗಳ ಕಡತ, ಇಲ್ಲೆಲ್ಲ ಅವರಿಗೆ ಕೆಲಸವಿದೆ ಎಂಬುದು ಆಗಿನ ಯೋಚನೆ. ಉದ್ಯೋಗದ ಪ್ರಶ್ನೆಯಾಗಿ ಹುಟ್ಟಿದ್ದು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ರೂಪ ಪಡೆಯಿತು. ಜನರ ನಡುವೆ, ಜನರಿಗಾಗಿ, ಜನರ ಜೊತೆ ಸೇರಿ ಮಾಡುವ ಇತಿಹಾಸ ಎಂದು ಈಗ ಹೇಳುತ್ತಾರೆ. ಈ ಮೂರರಲ್ಲಿ ಮೊದಲೆರಡು ಸುಲಭ. ಚೌಕದಲ್ಲಿ ಪ್ರತಿಮೆ ನಿಲ್ಲಿಸಿದರೆ ಜನರ ನಡುವೆ ಆಯಿತು, ಟಿಕೆಟ್ಟಿಲ್ಲದ ಪ್ರದರ್ಶನ ಇಟ್ಟರೆ ಜನರಿಗಾಗಿ ಆಯಿತು. ಚಪ್ಪಲಿ ಬಿಟ್ಟು, ಅಜ್ಜಿಯ ಅಪ್ಪಣೆ ಕೇಳಿ, ಓದಿದ್ದನ್ನು ಅಲ್ಲೇ ನಿಂತು ಆ ಬೀದಿಗೆ ಒಪ್ಪಿಸುವುದಿದೆಯಲ್ಲ, ಅದು ಮೂರನೆಯದು. ನನಗೆ ಅದೊಂದೇ ಮುಖ್ಯವೆನಿಸುತ್ತದೆ.

ಶಾಸನ ಕೆತ್ತಿಸಿದವರು ಅದನ್ನು ಕಪಾಟಿನಲ್ಲಿಡಲು ಕೆತ್ತಿಸಿದವರಲ್ಲ. ಊರಬಾಗಿಲು, ಕೆರೆ ಏರಿ, ದೇವಸ್ಥಾನದ ಅಂಗಳ, ನಾಲ್ಕು ಜನ ಓಡಾಡುವ ಕಡೆಯೇ ನಿಲ್ಲಿಸಿದರು. ಎಲ್ಲರಿಗೂ ಓದು ಬರುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅದಕ್ಕೇ ವೀರಗಲ್ಲಿನಲ್ಲಿ ಚಿತ್ರವೇ ಮುಕ್ಕಾಲು ಪಾಲು. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವಿನದರಲ್ಲಿ ಸತ್ತವನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ತುದಿಗೆ ಸೂರ್ಯ ಚಂದ್ರ. ದನ ಹೊಡೆದುಕೊಂಡು ಹೋಗುವ ಕಳ್ಳರನ್ನು ಅಡ್ಡಗಟ್ಟಿ ಸತ್ತವನ ಕಲ್ಲಿನಲ್ಲಿ ದನಗಳೇ ಸಾಲಾಗಿ ನಿಂತಿರುತ್ತವೆ. ದತ್ತಿ ಕೊಟ್ಟ ಕಲ್ಲಿನ ಕೊನೆಯಲ್ಲಿ ಶಾಪ: ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಅಂದರೆ ಅಳಿಸುವವರು ಆಗಲೂ ಇದ್ದರು.

ಒಂದು ಸಣ್ಣ ಕುಹಕ ಹೇಳದೆ ಇರಲಾರೆ. ಎಷ್ಟೋ ಕಲ್ಲುಗಳಲ್ಲಿ ಮೊದಲ ಏಳೆಂಟು ಸಾಲು ರಾಜನ ಬಿರುದುಗಳಿಗೇ ಹೋಗುತ್ತವೆ, ಆಮೇಲೆ ಅವನ ಕೈಕೆಳಗಿನವನ ಬಿರುದು, ಅದಾದ ಮೇಲೆ ಸ್ವಲ್ಪ ಜಾಗ ಉಳಿದರೆ ಪಾಪ ಸತ್ತವನ ಹೆಸರು. ಟ್ರಾನ್ಸ್‌ಫಾರ್ಮರಿನ ಬೇಲಿಗೆ ಕಟ್ಟಿದ ಫ್ಲೆಕ್ಸಿನ ವಿನ್ಯಾಸ ತೀರಾ ಹೊಸದೇನಲ್ಲ.

ಬರಬರುತ್ತಾ ಲಿಪಿ ಬದಲಾಯಿತು, ಹಳಗನ್ನಡ ದೂರವಾಯಿತು, ಕಲ್ಲು ಮೂಕವಾಯಿತು. ಅದನ್ನು ಮತ್ತೆ ಮಾತಾಡಿಸಿದವರು ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಪಾದ್ರಿಯ ಮಗ ಬೆಂಜಮಿನ್ ಲೂಯಿಸ್ ರೈಸ್. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗೂ ಹೋಗಿ, ಹೋಗಲಾಗದ ಕಡೆ ಜನರನ್ನು ಕಳಿಸಿ ತೆಗೆಸಿದ ಅಚ್ಚುಗಳು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಾದವು. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ 1905ರಲ್ಲಿ ಹೊರಬಂತು. ರೈಸ್ ನಂತರ ಬಂದ ಆರ್. ನರಸಿಂಹಾಚಾರ್ ಕೆಲಸ ಮುಂದುವರಿಸಿದರು. ಆ ದಪ್ಪ ಸಂಪುಟಗಳಿಲ್ಲದಿದ್ದರೆ ಇವತ್ತು ನಮ್ಮ ಕೈ ಖಾಲಿ. ಆದರೆ ಅವುಗಳಿಂದ ಒಂದು ವಿಚಿತ್ರವೂ ಆಯಿತು. ಶಾಸನ ಪುಸ್ತಕಕ್ಕೆ ಬಂತು, ಪುಸ್ತಕ ಗ್ರಂಥಾಲಯಕ್ಕೆ ಹೋಯಿತು, ಕಲ್ಲು ಮಾತ್ರ ಬೀದಿಯಲ್ಲೇ ಉಳಿಯಿತು. ಪಂಡಿತರಿಗೆ ಪಾಠ ಸಿಕ್ಕಿತ್ತು, ಕಲ್ಲಿನ ಅಗತ್ಯ ಕಾಣಲಿಲ್ಲ. ಬೀದಿಯವರ ಹತ್ತಿರ ಕಲ್ಲಿತ್ತು, ಪಾಠ ತಲುಪಲಿಲ್ಲ. ನಗರ ಬೆಳೆಯುವಾಗ ಅದೇ ಕಲ್ಲು ಒಗೆಯುವ ಕಲ್ಲಾಯಿತು, ಚರಂಡಿಗೆ ಮುಚ್ಚಳವಾಯಿತು, ಬುನಾದಿಗೆ ಹೋಯಿತು. ರೈಸ್ ಸಂಪುಟ ಹಿಡಿದು ಊರೂರು ಹುಡುಕುತ್ತಾ ಹೋದವರಿಗೆ ಎಷ್ಟೋ ಕಡೆ ಸಿಕ್ಕುವುದು ಅಪಾರ್ಟ್‌ಮೆಂಟಿನ ಗೇಟು.

ಹೀಗೆ ಹುಡುಕುವ ಹುಚ್ಚು ಹತ್ತಿಸಿಕೊಂಡವರಲ್ಲಿ ಪಿ. ಎಲ್. ಉದಯ ಕುಮಾರ್ ಒಬ್ಬರು. ವೃತ್ತಿಯಿಂದ ಎಂಜಿನಿಯರ್. ಅವರೂ ಗೆಳೆಯರೂ ಸೇರಿ ಬೆಂಗಳೂರಿನ ಶಾಸನಕಲ್ಲುಗಳ ಬೆನ್ನುಬಿದ್ದರು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ 2021ರಿಂದ ಈ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿ ಇಡುವ ಕೆಲಸ ಕೈಗೆತ್ತಿಕೊಂಡಿತು. ಇತಿಹಾಸದ ಪದವಿ ಇಲ್ಲದವರು ಹೀಗೆ ಇತಿಹಾಸಕ್ಕೆ ಕೈಹಾಕುವುದು ನಮ್ಮಲ್ಲಿ ಹೊಸದಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವನ್ನು ಕಂಡವರು ಚಿನ್ನ ಹುಡುಕಲು ಬಂದಿದ್ದ ಗಣಿ ಎಂಜಿನಿಯರ್ ಬೀಡನ್. ಕಂಡದ್ದು ಅವರು, ಓದಿದ್ದು ಪಂಡಿತರು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಕಲ್ಲೊಂದು ಮೇಲೆ ಬಂತು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಆಳ್ವಿಕೆಯದು. ರಟ್ಟರ ದಾಳಿಯಲ್ಲಿ ಊರಿಗೆ ಕೇಡು ಬಂದಾಗ ಕಾದಿ ಸತ್ತ ಕಿತ್ತಯ್ಯ ಎಂಬವನ ಕಲ್ಲು. ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹ ಇದೇ ಎನ್ನುತ್ತಾರೆ. ಊರವರೂ ಆಸಕ್ತರೂ ಸೇರಿ ಅದಕ್ಕೊಂದು ಮಂಟಪ ಮಾಡಿಸಿದರು. ದಿನಕ್ಕೆ ಲಕ್ಷಾಂತರ ಗಾಡಿ ದಾಟುವ ಮೇಲುಸೇತುವೆಯ ಊರದು. ವಿಮಾನಕ್ಕೆ ಹೊತ್ತಾಯಿತೆಂದು ಬೈದುಕೊಂಡು ದಾಟುವವರಿಗೆ ಹೆಬ್ಬಾಳವೆಂದರೆ ಟ್ರಾಫಿಕ್ಕು. ಅಲ್ಲಿನ ಕೆಲವು ಬೀದಿಗಳವರಿಗೆ ಈಗ ಅದು ಕಿತ್ತಯ್ಯನ ಊರು ಕೂಡ.

ದಕ್ಷಿಣದ ತುದಿಗೆ ಹೋದರೆ ಬೇಗೂರು. ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಕಲ್ಲು ಸುಮಾರು 890ರದು. ನಾಗತ್ತರನ ಕಡೆಯವರು ಬೆಂಗಳೂರು ಕಾಳಗದಲ್ಲಿ ಸತ್ತರೆಂದು ಅದರಲ್ಲಿದೆ. ನಗರದ ಹೆಸರು ಸಿಗುವ ಅತ್ಯಂತ ಹಳೆಯ ಬರಹ. ಹೊಯ್ಸಳ ಬಲ್ಲಾಳ ದಾರಿ ತಪ್ಪಿ ಮುದುಕಿಯ ಗುಡಿಸಲಲ್ಲಿ ಬೆಂದ ಕಾಳು ತಿಂದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಬಲ್ಲಾಳನಿಗಿಂತ ಶತಮಾನಗಳ ಹಿಂದೆಯೇ ಊರು ತನ್ನ ಹೆಸರಿನೊಂದಿಗೆ ಕಾಳಗವನ್ನೂ ಕಂಡಿತ್ತು ಎನ್ನುತ್ತದೆ ಈ ಕಲ್ಲು. ಮುದುಕಿಯ ಕಥೆಯನ್ನು ಅದಕ್ಕಾಗಿ ಓಡಿಸಬೇಕಿಲ್ಲ. ದೊರೆಗೂ ಒಂದು ಹಿಡಿ ಕಾಳು ಕೊಟ್ಟ ಬಡವಿಯನ್ನು ಊರಿಗೆ ಮೂಲವಾಗಿಸಿಕೊಂಡ ಜನರ ಮನಸ್ಸೂ ಇತಿಹಾಸದ ವಿಷಯವೇ. ಎರಡನ್ನೂ ಒಟ್ಟಿಗೆ ಹೇಳಿ, ಯಾವುದು ದಾಖಲೆ ಯಾವುದು ಕಥೆ ಎಂದು ಬಿಡಿಸಿ ತೋರಿಸಿದರೆ ಜನ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಳ್ಳುತ್ತಾರೆಂದು ಹೆದರುವವರು ಭಾಷಣಕಾರರು ಮಾತ್ರ.

ನನಗೆ ಹೆಚ್ಚು ಇಷ್ಟ ಅಗರದ ಕಲ್ಲು. ಯುದ್ಧದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ ಇರುಗಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದ ಲೆಕ್ಕ. ಮಳೆಗಾಲದಲ್ಲಿ ಅದೇ ಅಗರ, ಬೆಳ್ಳಂದೂರು, ಇಬ್ಬಲೂರಿನ ಸುತ್ತ ನೀರು ನಿಂತು ದುಬಾರಿ ಕಾರುಗಳು ತೇಲಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿಡಬೇಕು ಎಂದು ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಯೋಚಿಸಿ ಹಣ ಹಾಕಿದ್ದ. ಆ ಕಲ್ಲಿನ ಪಾಠವನ್ನು ವಾರ್ಡಿನ ಸಭೆಯಲ್ಲಿ ಓದಬೇಕು. ರಾಜಕಾಲುವೆ ಒತ್ತುವರಿಯ ನಕ್ಷೆಯ ಪಕ್ಕದಲ್ಲಿಟ್ಟು ಓದಬೇಕು. ಇತಿಹಾಸದಿಂದ ಏನು ಪ್ರಯೋಜನ ಎಂದು ಕೇಳುವವರನ್ನು ಆ ಸಭೆಗೇ ಕರೆಯಬಹುದು.

ಬೀದಿಗೆ ಬಂದ ಇತಿಹಾಸಕ್ಕೆ ಬೀದಿಯ ಜಗಳವೂ ಅಂಟಿಕೊಳ್ಳುತ್ತದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ಗೋಡೆ ಬಾಗಿಲುಗಳಲ್ಲಿ ತಮಿಳು ಶಾಸನಗಳಿವೆ. ಹೊಯ್ಸಳರ ಕಾಲದವೂ ಅವುಗಳಲ್ಲಿ ಸೇರಿವೆ. ಕಿತ್ತಯ್ಯನ ಕಲ್ಲು ಕಂಡು ಎದೆಯುಬ್ಬಿಸಿಕೊಂಡವರಲ್ಲಿ ಕೆಲವರು ದೊಮ್ಮಲೂರಿನ ಮಾತು ಬಂದಾಗ ವಿಷಯ ಬದಲಾಯಿಸುತ್ತಾರೆ. ಇನ್ನು ಕೆಲವರು ದೊಮ್ಮಲೂರನ್ನಷ್ಟೇ ಹಿಡಿದು ಕಿತ್ತಯ್ಯನನ್ನು ಬಿಡುತ್ತಾರೆ. ಈ ನೆಲದಲ್ಲಿ ಕನ್ನಡ, ತಮಿಳು, ತೆಲುಗು ಮೂರರ ಕಲ್ಲುಗಳೂ ಇವೆ. ಕೆತ್ತಿಸಿದವರು ತಮ್ಮ ದೇವರಿಗೆ ದೀಪದೆಣ್ಣೆಯ ಚಿಂತೆ ಮಾಡಿದರೇ ಹೊರತು ನಮ್ಮ ವಾದಕ್ಕೆ ಸಾಕ್ಷಿ ಹೇಳಲು ಕೆತ್ತಿಸಲಿಲ್ಲ.

ಮತ್ತೆ ಮಾಸ್ತಿಕಲ್ಲು. ಬಳೆ ತೊಟ್ಟ ಕೈಯೊಂದು ಕಂಬದಿಂದ ಮೇಲಕ್ಕೆದ್ದಿರುತ್ತದೆ. ಗಂಡನ ಚಿತೆಯೇರಿದ ಹೆಣ್ಣಿನ ಗುರುತು. ಬೀದಿಯಲ್ಲಿ ಅವಳು ಮಾಸ್ತಮ್ಮ, ಪೂಜೆಯಾಗುತ್ತದೆ. ಅಲ್ಲಿ ನಿಂತು ವಿವರಿಸುವವರು ಏನು ಹೇಳಬೇಕು? ಮಹಾ ಪತಿವ್ರತೆ ಎಂದು ಹೇಳಿ ಮುಂದಿನ ಕಲ್ಲಿಗೆ ಹೋಗುವವರನ್ನು ನೋಡಿದ್ದೇನೆ. ಒಮ್ಮೆ ಶಾಲೆಯ ಹುಡುಗಿಯೊಬ್ಬಳು, “ಅವ್ರಿಗೆ ಇಷ್ಟ ಇತ್ತಾ ಮಿಸ್?” ಎಂದು ಕೇಳಿದಾಗ ಜೊತೆಗಿದ್ದ ಮೇಡಂ ತಡವರಿಸಲಿಲ್ಲ. ಕಲ್ಲು ಅದನ್ನು ಹೇಳುವುದಿಲ್ಲ, ಕಲ್ಲು ಹಾಕಿಸಿದವರು ಅವಳನ್ನು ಕೇಳಿ ಹಾಕಿಸಿದ್ದಲ್ಲ ಎಂದರು. ಪಕ್ಕದಲ್ಲಿ ಅರಿಶಿನದ ಬಟ್ಟಲು ಹಿಡಿದಿದ್ದ ಹೆಂಗಸು ಇದನ್ನು ಕೇಳಿಸಿಕೊಂಡು, ಪೂಜೆ ನಿಲ್ಲಿಸದೆ, “ಪಾಪ, ಯಾರ್ ಕೇಳ್ತಾರೆ” ಎಂದರು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಹೋಗುವ ವಿಷಯಕ್ಕೆ ಇಲ್ಲಿ ಮೂರು ದನಿ ಸಿಕ್ಕವು. ಕಲ್ಲೇ ಹಾಕಿಸದೆ ಹೋದವರ ಪಟ್ಟಿ ಇನ್ನೂ ಉದ್ದ. ಕೆರೆಯ ಮಣ್ಣು ಹೊತ್ತವರು, ಊರಾಚೆ ಇದ್ದವರು, ಇವರ ಹೆಸರು ಹುಡುಕಬೇಕಾದರೆ ಕಲ್ಲು ಬಿಟ್ಟು ಹಾಡು, ಹರಕೆ, ಅಜ್ಜಿಯರ ನೆನಪುಗಳ ಕಡೆ ತಿರುಗಬೇಕು.

ಇಷ್ಟಾದ ಮೇಲೆ ಕೊನೆಗೆ ಬರುವ ಪ್ರಶ್ನೆ ಕಲ್ಲು ಎಲ್ಲಿರಬೇಕು ಎಂಬುದು. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು, ಆನೆ ಕುದುರೆಗಳ ತುಂಬು ಕಾಳಗದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಊರಲ್ಲೇ ಉಳಿದಿದ್ದರೆ ಇಷ್ಟು ಚೆನ್ನಾಗಿ ಉಳಿಯುತ್ತಿತ್ತೋ ಇಲ್ಲವೋ. ಎಂ. ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿಯ ಶಾಸನ ಮ್ಯೂಸಿಯಂ ಸೇರಿತು. ಬೇಲೂರು ತಾಲ್ಲೂಕಿನ ಆ ಊರಿಗೆ ಹೋದವರಿಗೆ ನೋಡಲು ಸಿಗುವುದು ಅದರ ಪ್ರತಿಕೃತಿ. ಕಾಯುವ ಚಿಂತೆ ಹಳಬರಿಗೂ ಇತ್ತು. ಮದ್ದೂರು ಕಡೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದಿತ್ತು, ಅದೂ ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಹಂದಿಯೊಡನೆ ಕಾದಿ ಹಂದಿಯನ್ನೂ ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ದತ್ತಿ ಬಿಟ್ಟು ಸುಮ್ಮನಾಗಲಿಲ್ಲ ಆ ಜನ. ಅಲ್ಲಿನ ಪೂಜಾರಿ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಕೆತ್ತಿಸಿಟ್ಟರು. ದಿನಾ ಹಸಿವಾಗುವ ಒಬ್ಬನ ಊಟಕ್ಕೆ ಕಲ್ಲಿನ ಯೋಗಕ್ಷೇಮವನ್ನು ಗಂಟುಹಾಕಿದ ಇಷ್ಟು ಗಟ್ಟಿ ನಿರ್ವಹಣಾ ಒಪ್ಪಂದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗಿನ ಬಡಾವಣೆಗಳಲ್ಲಿ ಒಪ್ಪಂದ ಅಷ್ಟು ಸಲೀಸಾಗಿ ಆಗುವುದಿಲ್ಲ. ಪೂರ್ವದ ಕಡೆಯ ಒಂದು ಬಡಾವಣೆಯಲ್ಲಿ ಕಲ್ಲಿಗೆ ಮಂಟಪ ಕಟ್ಟುವ ಸಭೆ ನಡೆದಿತ್ತು. ಫಲಕ ಯಾವ ಭಾಷೆಯಲ್ಲಿ ಎಂಬುದು ಬೇಗ ಬಗೆಹರಿಯಿತು: ಕನ್ನಡ ಮೇಲೆ, ಇಂಗ್ಲಿಷು ಕೆಳಗೆ. ದಾನಿಗಳ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿ ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಗ್ರಿಲ್ಲಿನ ಬೀಗದ ಕೈ. ಸಂಘದ ಕಚೇರಿಯಲ್ಲಿರಲಿ ಎಂದರು ಅಧ್ಯಕ್ಷರು. ಕಚೇರಿ ತೆಗೆಯುವುದೇ ಭಾನುವಾರ, ಪೂಜೆ ಮಂಗಳವಾರ ಶುಕ್ರವಾರ ಎಂದರು ಊರಿನ ಹಳೇ ಮನೆಯವರು. ಸ್ಕ್ಯಾನ್ ಮಾಡುವವರು, ಶಾಲೆ ಮಕ್ಕಳು ಬಂದರೆ ಯಾರನ್ನು ಹುಡುಕಬೇಕು ಎಂದು ಮತ್ತೊಬ್ಬರು ಕೇಳಿದರು. ಬಾಗಿಲ ಬಳಿ ನಿಂತಿದ್ದ ಹೂವಿನಮ್ಮ, ಬೆಳಿಗ್ಗೆ ಐದಕ್ಕೇ ಕಟ್ಟೆಯ ಹತ್ತಿರ ಬುಟ್ಟಿ ಇಳಿಸುವವರು, ಮಾತಿನ ನಡುವೆ ಬಾಯಿ ಹಾಕಿದರು.

“ಇಷ್ಟ್ ದಿನ ಬೀಗ ಇತ್ತಾ ಸಾರ್ ಅದಕ್ಕೆ? ಏನ್ ಬರ್ದಿದೆ ಅಂತ ದೊಡ್ಡದಾಗಿ ಬೋರ್ಡ್ ಹಾಕ್ಸಿ. ಕೇಳ್ದೋರ್ಗೆ ನಾನ್ ಹೇಳ್ತೀನಿ.”

ಅಧ್ಯಕ್ಷರು ಗ್ರಿಲ್ಲಿನ ವಿಷಯವನ್ನು ಮುಂದಿನ ಸಭೆಗೆ ಹಾಕಿದರು.